ಬಸ್ಸಿನಲ್ಲಿ ಬಂದ ತೂಕದ ಕಲ್ಲುಗಳು

ಕಾರು ಒಪ್ಪಿಸುವ ದಿನ ಏನೇನು ಮಾಡಬೇಕೆಂದು ಕಾರಕ್ಕ ಎಲ್ಲವನ್ನೂ ಯೋಚಿಸಿಟ್ಟಿದ್ದರು. ಹಿಂದಿನ ಸಂಜೆಯೇ ಡಿಕ್ಕಿ ಖಾಲಿ ಮಾಡಿದ್ದರು. ಸೀಟಿನಡಿ ಕೈಹಾಕಿ ಸಿಕ್ಕ ಕಸವನ್ನೆಲ್ಲ ತೆಗೆದು, ಒಳಗೂ ಹೊರಗೂ ಒರೆಸಿ, ಟೈರಿಗೆ ಗಾಳಿ ಹಾಕಿಸಿದ್ದರು. ಕೊಟ್ಟುಬಿಡೋ ಕಾರಿಗೆ ಗಾಳಿ ಯಾಕೆ ಎಂದು ಗಂಡ ಕೇಳಿದ್ದಕ್ಕೆ, “ನನ್ನ ಕೈಗೆ ಬಂದಾಗ ಸರಿಯಾಗಿತ್ತಲ್ಲ” ಎಂದಿದ್ದರು. ಮರುದಿನ ಕಂಪನಿಯ ಕಚೇರಿಗೆ ಹೋಗಿ ಕೀಲಿ ಕೊಟ್ಟರು, ಕೈಕುಲುಕಿದರು, ಮೆಟ್ಟಿಲಿಳಿದರು. ಹೊರಗೆ ಬಂದವರು ನೇರವಾಗಿ ಕಾರಿನ ಬಾಗಿಲ ಮುಂದೆ ನಿಂತು ಚೀಲದಲ್ಲಿ ಕೀಲಿ ಹುಡುಕತೊಡಗಿದರು. ಮನೆಗೆ ಹೇಗೆ ಹೋಗುವುದು ಎಂಬುದೊಂದನ್ನು ಮಾತ್ರ ಅವರು ಯೋಚಿಸಿರಲಿಲ್ಲ.

ಕಾರಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಕಾರು ಅವರದಲ್ಲ, ಬಾಗಿಲ ಮೇಲೆ ಕಂಪನಿಯ ಹೆಸರು ದೊಡ್ಡದಾಗಿಯೇ ಇತ್ತು. ಆದರೂ ಹೆರಿಗೆಗೆ, ರೈಲಿಗೆ, ಮುರಿದ ಕೈಗೆ ಬ್ಯಾಂಡೇಜು ಹಾಕಿಸಲಿಕ್ಕೆ ಎಂದು ಬೀದಿಯ ಅರ್ಧ ಜನ ಅದರಲ್ಲಿ ಕೂತಿದ್ದವರೇ. ಅವರ ಕೆಲಸ ಮಾತ್ರ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಔಷಧ, ಬಣ್ಣ, ಸುಗಂಧ ತಯಾರಿಸುವ ಕಾರ್ಖಾನೆಗಳ ಪರೀಕ್ಷಾ ಕೋಣೆಯಲ್ಲಿ ಗಾಜಿನ ಗೂಡಿನೊಳಗೆ ಕೂತಿರುವ ಸೂಕ್ಷ್ಮ ತಕ್ಕಡಿಗಳಿರುತ್ತವೆ, ಉಸಿರು ತಾಗಿದರೂ ಅಂಕಿ ಅಲುಗುವಂಥವು. ಅವು ಸರಿಯಾಗಿ ತೂಗುತ್ತಿವೆಯೇ ಎಂದು ನೋಡುವುದು ಅವರ ಕಸುಬು. ಹಾಗೆ ನೋಡಲು ಬೇಕಾದದ್ದು ಒಂದು ಮರದ ಪೆಟ್ಟಿಗೆ. ಒಳಗೆ ಮಖಮಲ್ಲಿನ ಗುಳಿಗಳಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ಹೊಳೆಯುವ ಉಕ್ಕಿನ ತೂಕಗಳು. ಉಕ್ಕಿನವಾದರೂ ಕಸುಬಿನವರ ಬಾಯಲ್ಲಿ ಅವು ಕಲ್ಲುಗಳೇ. ಕಲ್ಲನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳಿನ ಜಿಡ್ಡಿಗೂ ತೂಕವಿದೆ. ಚಿಮುಟದಲ್ಲಿ ಎತ್ತಿ ಚಿಮುಟದಲ್ಲೇ ಇಳಿಸಬೇಕು. ಇಷ್ಟು ವರ್ಷ ಅವುಗಳ ಜೊತೆಗೇ ಬದುಕಿದ್ದರೂ ಒಂದು ಕಲ್ಲು ಕೈಗೆ ಹೇಗಿರುತ್ತದೆ ಎಂದು ಕಾರಕ್ಕನಿಗೆ ಗೊತ್ತಿರಲಿಲ್ಲ.

ತಕ್ಕಡಿ ಕೆಟ್ಟರೆ ರಿಪೇರಿ ಬೇಡ, ಹೊಸದನ್ನೇ ಮಾರೋಣ ಎಂದು ಕಂಪನಿ ತೀರ್ಮಾನಿಸಿ ದುರಸ್ತಿ ವಿಭಾಗವನ್ನೇ ಮುಚ್ಚಿತು. ವಿಭಾಗದವರೆಲ್ಲ ಒಂದೇ ಬೆಳಿಗ್ಗೆ ಮನೆಗೆ ಹೋದರು. ಕಾರಕ್ಕ ಕೇಳಿಕೊಂಡದ್ದು ಒಂದೇ: ತಾವು ಬಳಸುತ್ತಿದ್ದ ಹಳೆಯ ಕಲ್ಲುಗಳ ಪೆಟ್ಟಿಗೆ. ಇನ್ನು ಯಾರಿಗೆ ಬೇಕು ಅದು, ಒಯ್ಯಿರಿ ಎಂದರು. ಕೂಡಲೇ ಅದನ್ನು ಸರಕಾರಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ತಂದರು. ಇನ್ನು ಸ್ವಂತ ಕೆಲಸ ಎಂದು ಮನೆಯಲ್ಲಿ ಹೇಳಿದರು.

“ಸ್ವಂತ ಕೆಲಸ ಸರಿ, ಕಾಲೆಲ್ಲಿ?” ಎಂದರು ಅತ್ತೆ.

ಅತ್ತೆಗೆ ಕಾರು ಹೋದ ಸಂಕಟ ಎಲ್ಲರಿಗಿಂತ ಹೆಚ್ಚು. ಮುಂದಿನ ಸೀಟಿನಲ್ಲಿ ಕೂತು, ಗಾಜು ಇಳಿಸಿ, ಬೀದಿಯ ಕೊನೆಯವರೆಗೂ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡೇ ಹೋಗುತ್ತಿದ್ದವರು ಅವರು. ಮೊದಲ ವಾರ ಸೊಸೆ ಅಂಗಡಿಗೂ ಹೋಗದೆ ಮನೆಯಲ್ಲೇ ಕೂತದ್ದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ.

“ಕಾರು ಕೇಳಿದ್ರು, ಕೊಟ್ಟೆ. ಕಾಲೂ ಅವರಿಗೇ ಕೊಟ್ಟು ಬಂದ್ಯೇನೇ?”

ಕಾರಕ್ಕ ಎದ್ದು ಹೊರಟರು. ನಲವತ್ತು ದಾಟಿದ ಮೇಲೆ ಬಸ್ಸು ಹತ್ತಲು ಕಲಿಯುವುದು ಸುಲಭವಲ್ಲ. ರಸ್ತೆಯ ಯಾವ ಬದಿಯಲ್ಲಿ ನಿಂತರೆ ಯಾವ ದಿಕ್ಕಿಗೆ ಹೋಗುವ ಬಸ್ಸು ಎಂಬುದೇ ಮೊದಲು ತಿಳಿಯಲಿಲ್ಲ. ಒಮ್ಮೆ ಪೂರ್ತಿ ಹಿಂದುಮುಂದಾಗಿ ಡಿಪೋವರೆಗೂ ಹೋಗಿ, ಬಸ್ಸು ತೊಳೆಯುವವನು ನೀರಿನ ಪೈಪು ಹಿಡಿದು ಒಳಗೆ ಬಂದಾಗಲೇ ಇಳಿದರು. ಸೀಟಿನಲ್ಲಿ ಕೂತ ಕೂಡಲೇ ಬಲಗೈ ತಾನಾಗಿಯೇ ಹೆಗಲ ಹಿಂದೆ ಬೆಲ್ಟು ಹುಡುಕುತ್ತಿತ್ತು. ಹಿಂದೆ ಕೂತಿದ್ದ ಹೆಂಗಸೊಬ್ಬರು, “ಏನಮ್ಮಾ, ಬೆನ್ನು ಕಡೀತಿದ್ಯಾ?” ಎಂದು ಕೇಳಿ ತಾವೇ ಕೆರೆದುಬಿಟ್ಟರು.

ಹೀಗಿರುವಾಗ ಒಂದು ಫೋನು ಬಂತು. ಊರಾಚೆಯ ಕೈಗಾರಿಕಾ ಪ್ರದೇಶದಲ್ಲಿ ಸಿರಪ್ಪು ತಯಾರಿಸುವ ಕಾರ್ಖಾನೆ. ಅದರ ಪರೀಕ್ಷಾ ಕೋಣೆಯ ಮುಖ್ಯಸ್ಥೆಗೆ, ಎಲ್ಲರೂ ಲ್ಯಾಬ್ ಮೇಡಂ ಎನ್ನುವವರಿಗೆ, ಕಾರಕ್ಕನ ಕೆಲಸದ ಪರಿಚಯವಿತ್ತು. ಗುರುವಾರ ಬನ್ನಿ, ನಮ್ಮ ಮುಖ್ಯ ತಕ್ಕಡಿ ನೋಡಿ, ಚೆನ್ನಾಗಿ ಆದರೆ ತಿಂಗಳಿಗೊಮ್ಮೆ ಎಲ್ಲ ತಕ್ಕಡಿಗಳನ್ನು ನೋಡುವ ವರ್ಷದ ಕೆಲಸ ನಿಮಗೇ ಎಂದರು ಅವರು. ಅದೇ ರಸ್ತೆಯಲ್ಲಿ ಇನ್ನೂ ಎರಡು ಕಾರ್ಖಾನೆಗಳಿದ್ದವು. ಇಲ್ಲಿ ಯಾರು ಬರುತ್ತಾರೋ ಅವರನ್ನೇ ಅವೂ ಕರೆಯುವುದು ರೂಢಿ. ಗುರುವಾರ ಚೆನ್ನಾಗಿ ಆದರೆ ಕಾರಕ್ಕನಿಗೆ ಕಸುಬು ಉಳಿಯುತ್ತದೆ, ಆಗದಿದ್ದರೆ ಪೆಟ್ಟಿಗೆ ಅಟ್ಟಕ್ಕೆ. ಅದು ಮನೆಯ ಮೂವರಿಗೂ ಗೊತ್ತಿತ್ತು.

ಗಂಡನದು ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಬಸ್ಸಿನ ಕುಲುಕಾಟಕ್ಕೆ ಕಲ್ಲುಗಳು ಒಂದಕ್ಕೊಂದು ತಾಗಬಾರದೆಂದು ಎರಡು ಸಂಜೆ ಕೂತು, ದಪ್ಪ ರಟ್ಟಿಗೆ ಕಂಬಳಿ ಬಟ್ಟೆ ಅಂಟಿಸಿ, ಮರದ ಪೆಟ್ಟಿಗೆ ಒಳಗೆ ಬಿಗಿಯಾಗಿ ಕೂರುವಂಥ ಒಂದು ಹೊರಚೀಲ ಮಾಡಿದರು. ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ. ಅತ್ತೆ ಅದನ್ನು ಎತ್ತಿ ನೋಡಿ, “ನನ್ನ ಸೊಂಟಕ್ಕೂ ಇಂಥದ್ದೊಂದು ಮಾಡಿಕೊಡೋ” ಎಂದರು.

ಗುರುವಾರದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾರಕ್ಕ ಪೆಟ್ಟಿಗೆಯನ್ನು ಎದೆಗವಚಿ ಒಂದೇ ಕೈಯಲ್ಲಿ ಕಂಬಿ ಹಿಡಿದು ನಿಂತರು. ಬ್ರೇಕು ಬಿದ್ದಾಗಲೆಲ್ಲ ಯಾರದೋ ಮೊಣಕೈ ಪೆಟ್ಟಿಗೆಗೆ ಬಡಿಯುತ್ತಿತ್ತು. ಕಂಡಕ್ಟರ್ ನೋಡಿದ.

“ಏನಕ್ಕಾ ಅದು, ಮಗು ಎತ್ಕೊಂಡಂಗೆ ಎತ್ಕೊಂಡಿದ್ದೀರಾ?”

“ತೂಕದ ಕಲ್ಲು. ಅಲುಗಬಾರ್ದು.”

“ಅಲುಗಬಾರ್ದು ಅಂದ್ರೆ ನಮ್ಮ ಬಸ್ಸು ಹತ್ಬಾರ್ದಿತ್ತು. ಬನ್ನಿ, ಮುಂದೆ ಬನ್ನಿ. ಡ್ರೈವರ್ ಪಕ್ಕ ಬಾನೆಟ್ ಮೇಲಿಡಿ. ಅಲ್ಲಿ ಯಾರೂ ಕೈ ಹಾಕಲ್ಲ.”

ಇಂಜಿನ್ನಿನ ಮೇಲೆ ಮುಚ್ಚಿದ ಆ ಅಗಲವಾದ ಬಾನೆಟ್ ಮೇಲೆ ಕಾರಕ್ಕ ಶಾಲು ಮಡಿಸಿ ಹಾಸಿದರು, ಅದರ ಮೇಲೆ ಪೆಟ್ಟಿಗೆ ಇಟ್ಟರು, ಮೇಲೆ ಅಂಗೈ ಇಟ್ಟುಕೊಂಡು ಪಕ್ಕದಲ್ಲೇ ನಿಂತರು. ಗುಂಡಿ ಬಂದಾಗ ಮುಚ್ಚಳವನ್ನು ಒತ್ತಿ ಹಿಡಿಯುತ್ತಿದ್ದರು. ಯಾರೂ ತಾಗಲಿಲ್ಲ, ಯಾರೂ ಕದಿಯಲಿಲ್ಲ, ಕಲ್ಲುಗಳು ಸದ್ದು ಮಾಡಲಿಲ್ಲ. ಕೊನೆಯ ನಿಲ್ದಾಣದಲ್ಲಿ ಇಳಿದಾಗ ಕಂಡಕ್ಟರನಿಗೆ ಮನಸಾರೆ ಧನ್ಯವಾದ ಹೇಳಿದರು. ಅಲ್ಲಿಂದ ಕಾರ್ಖಾನೆಗೆ ಬಿಸಿಲಲ್ಲಿ ನಡಿಗೆ. ಗೇಟು ತಲುಪುವಾಗ ಅಂಗೈ ಬೆವರಿ ಕಾದಿತ್ತು.

ಒಳಗೆ ಗಡಿಬಿಡಿಯೋ ಗಡಿಬಿಡಿ. ಅಂಗಳದಲ್ಲಿ ಲಾರಿ ನಿಂತಿತ್ತು. ಆ ದಿನದ ಸಿರಪ್ಪಿನ ಮಾದರಿಯನ್ನು ಇದೇ ತಕ್ಕಡಿಯಲ್ಲಿ ತೂಗಿ, ಪರೀಕ್ಷಿಸಿ, ಸರಿ ಎಂದ ಮೇಲೆಯೇ ಲಾರಿ ಹೊರಡಬೇಕು. ಪ್ರೊಡಕ್ಷನ್ ಮ್ಯಾನೇಜರ್ ಬಾಗಿಲಲ್ಲೇ ಸಿಕ್ಕರು.

“ಎಷ್ಟೊತ್ತಾಗುತ್ತೆ ನಿಮ್ದು? ಡ್ರೈವರ್ ಆಗ್ಲೇ ಎರಡು ಸಲ ಹಾರ್ನ್ ಹೊಡೆದ.”

“ಕಲ್ಲು ಸ್ವಲ್ಪ ಹೊತ್ತು ಇಲ್ಲಿ ಇರ್ಬೇಕು ಸಾರ್, ಆಮೇಲೆ ಶುರು.”

ಹೊರಗಿಂದ ಬಂದ ಕಲ್ಲನ್ನು ಕೂಡಲೇ ತೂಗುವಂತಿಲ್ಲ. ಅದು ಕೋಣೆಯಷ್ಟೇ ತಂಪಾಗಬೇಕು. ಕಾರಿನ ಕಾಲದಲ್ಲಿ ಕಾರಕ್ಕ ಇದಕ್ಕೊಂದು ಸುಲಭ ಅಳತೆ ಕಂಡುಕೊಂಡಿದ್ದರು: ಪೆಟ್ಟಿಗೆ ತೆರೆದಿಟ್ಟು ನಿಧಾನಕ್ಕೆ ಒಂದು ಚಹಾ. ಲೋಟ ಖಾಲಿಯಾಗುವಾಗ ಕಲ್ಲು ತಯಾರು. ಕಲ್ಲುಗಳಿಗೆ ಚಹಾ ಕುಡಿಸುವುದು ಎಂದೇ ವಿಭಾಗದವರೆಲ್ಲ ಅದನ್ನು ಕರೆಯುತ್ತಿದ್ದರು. ಇವತ್ತೂ ಚಹಾ ಬಂತು, ಖಾಲಿಯಾಯಿತು. ಕೈಗೆ ಹತ್ತಿಯ ಗವಸು ತೊಟ್ಟು, ಚಿಮುಟದಲ್ಲಿ ಇನ್ನೂರು ಗ್ರಾಮಿನ ದೊಡ್ಡ ಕಲ್ಲನ್ನು ಎತ್ತಿ ಗಾಜಿನ ಗೂಡಿನೊಳಗೆ ಇಟ್ಟು ಬಾಗಿಲೆಳೆದರು.

ತಕ್ಕಡಿ ಕಡಿಮೆ ತೋರಿಸಿತು. ಬರಿಗಣ್ಣಿಗೆ ಏನೂ ಅಲ್ಲದಷ್ಟು, ಆದರೆ ಮಿತಿಗಿಂತ ಹೊರಗೆ.

“ತಪ್ಪಿದ್ಯಾ?” ಎಂದರು ಲ್ಯಾಬ್ ಮೇಡಂ.

“ಸ್ವಲ್ಪ ಜಾರಿದೆ. ತಿದ್ದಿಬಿಡ್ತೀನಿ.”

ತಿದ್ದುವುದೆಂದರೆ ಕಲ್ಲನ್ನು ಮೇಲಿಟ್ಟು, ಇದೇ ಸರಿಯಾದ ಇನ್ನೂರು ಎಂದು ತಕ್ಕಡಿಗೆ ಒಪ್ಪಿಸುವುದು. ಒಂದು ಗುಂಡಿ ಒತ್ತಿದರೆ ಆಯಿತು. ಕಾರಕ್ಕ ಒತ್ತಿದರು. ತಕ್ಕಡಿ ಒಪ್ಪಿಕೊಂಡಿತು. ಚಿಕ್ಕ ಕಲ್ಲುಗಳನ್ನೂ ಒಂದೊಂದಾಗಿ ನೋಡಿದರು, ಎಲ್ಲವೂ ಮಿತಿಯೊಳಗೆ. ಸಹಿ ಹಾಕಿದರು, ಲ್ಯಾಬ್ ಮೇಡಂ ಕೂಡ ಹಾಕಿದರು. ಮಾದರಿ ಹಿಡಿದು ನಿಂತಿದ್ದ ಹುಡುಗಿ ಕೂಡಲೇ ಮೊದಲ ಮಾದರಿ ತೂಗಿಕೊಂಡು ಒಳಗೆ ಓಡಿದಳು. ಎಲ್ಲ ಮುಗಿಯಿತು. ಊರಿಗೆ ಹೋಗುವ ಮಧ್ಯಾಹ್ನದ ಬಸ್ಸು ಹಿಡಿಯಬಹುದಿತ್ತು.

ಪೆಟ್ಟಿಗೆ ಮುಚ್ಚುವ ಮೊದಲು ದೊಡ್ಡ ಕಲ್ಲನ್ನು ಮತ್ತೊಮ್ಮೆ ಇಟ್ಟು ನೋಡುವುದು ಕಾರಕ್ಕನ ಅಭ್ಯಾಸ, ಹೊರಡುವಾಗ ಗ್ಯಾಸು ಆರಿಸಿದೆಯೇ ಎಂದು ಮತ್ತೆ ನೋಡುವಂತೆ. ಇಟ್ಟರು. ಈಗ ಅಂಕಿ ಇನ್ನೂರಕ್ಕಿಂತ ಮೇಲಿತ್ತು. ಗೂಡಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿದರು. ಮುಚ್ಚಿತ್ತು. ಉಸಿರು ಬಿಗಿಹಿಡಿದು ಕಾದರು. ಕೊನೆಯ ಅಂಕಿ ನಿಲ್ಲಲೇ ಇಲ್ಲ. ನಿಧಾನವಾಗಿ, ಒಂದೊಂದೇ ಮೆಟ್ಟಿಲಿನಂತೆ, ಮೇಲಕ್ಕೇ ಹೋಗುತ್ತಿತ್ತು.

ತಕ್ಕಡಿ ಕೆಟ್ಟಿದ್ದರೆ ಅಂಕಿ ಹಿಂದೆ ಮುಂದೆ ಕುಣಿಯುತ್ತದೆ. ಹೀಗೆ ಒಂದೇ ದಿಕ್ಕಿಗೆ ಶಾಂತವಾಗಿ ಏರುವುದು ತಣ್ಣಗಾಗುತ್ತಿರುವ ಕಲ್ಲು ಮಾತ್ರ. ಬೆಚ್ಚಗಿನ ಕಲ್ಲು ಸುತ್ತಲಿನ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಬೆಚ್ಚಗಾದ ಗಾಳಿ ಮೇಲೇರುತ್ತ ಕಲ್ಲನ್ನೂ ಇಷ್ಟೇ ಇಷ್ಟು ಎತ್ತುತ್ತದೆ, ಅಷ್ಟರ ಮಟ್ಟಿಗೆ ತೂಕ ಕಡಿಮೆ ಕಾಣುತ್ತದೆ. ಕಲ್ಲು ತಣಿದಂತೆ ತೂಕ ಮರಳಿ ಬರುತ್ತದೆ. ಇದನ್ನು ಕಾರಕ್ಕ ಹೊಸದಾಗಿ ಕೆಲಸಕ್ಕೆ ಸೇರಿದ ಎಷ್ಟೋ ಜನಕ್ಕೆ ಪಾಠ ಮಾಡಿದ್ದರು.

ಕಲ್ಲು ಯಾಕೆ ಬೆಚ್ಚಗಾಯಿತು? ಬಾನೆಟ್. ದಾರಿಯುದ್ದಕ್ಕೂ ಇಂಜಿನ್ನಿನ ಕಾವಿನ ಮೇಲೆ ಕೂತು ಬಂದ ಪೆಟ್ಟಿಗೆ. ಅಡಿಯಿಂದ ಏರಿದ ಬಿಸಿಯನ್ನು ಗಂಡ ಮಾಡಿದ ದಪ್ಪ ರಟ್ಟು ನಡಿಗೆಯುದ್ದಕ್ಕೂ ಜೋಪಾನವಾಗಿ ಹಿಡಿದಿಟ್ಟಿತ್ತು. ಮೇಲೆ ಇಟ್ಟಿದ್ದ ಅಂಗೈಗೆ ತಿಳಿಯಲಿಲ್ಲ, ಚಿಮುಟಕ್ಕೆ ತಿಳಿಯುವಂತಿರಲಿಲ್ಲ. ಎಸಿ ಕಾರಿನಲ್ಲಿ ತಣ್ಣಗೆ ಬರುತ್ತಿದ್ದ ಕಲ್ಲಿಗೆ ಒಂದು ಚಹಾ ಸಾಕಾಗುತ್ತಿತ್ತು. ಬಸ್ಸಿನಲ್ಲಿ ಬಂದ ಕಲ್ಲಿಗೆ ಅದು ಏನೇನೂ ಸಾಲದು. ಸರಿಯಾಗಿದ್ದ ತಕ್ಕಡಿಯನ್ನು ತಾವೇ ತಪ್ಪು ಮಾಡಿ, ಸರಿ ಇದೆ ಎಂದು ಸಹಿ ಹಾಕಿದ್ದಾಗಿತ್ತು.

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಾರಕ್ಕ ಕಲ್ಲನ್ನು ಅದರ ಗುಳಿಯಲ್ಲಿಟ್ಟು ಮುಚ್ಚಳ ಹಾಕಿದರು. ಕಿಟಕಿಯಾಚೆ ಲಾರಿಯವನು ಮತ್ತೆ ಹಾರ್ನ್ ಹೊಡೆದ. ಈ ವ್ಯತ್ಯಾಸದಿಂದ ಸಿರಪ್ಪಿಗೆ ಏನೂ ಆಗುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕುಡಿಯುವವರಿಗೂ ಏನೂ ಆಗುವುದಿಲ್ಲ. ಮುಂದಿನ ತಿಂಗಳು ಬಂದಾಗ ಸದ್ದಿಲ್ಲದೆ ತಿದ್ದಿಬಿಡಬಹುದು. ಈಗ ಬಾಯಿ ಬಿಟ್ಟರೆ ಮುಂದಿನ ತಿಂಗಳು ಎಂಬುದೇ ಇರಲಾರದು. ಪೆಟ್ಟಿಗೆಯ ಪಟ್ಟಿ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದರು. ಲ್ಯಾಬ್ ಮೇಡಂ ಎದುರಾದರು.

“ಹೊರಟ್ರಾ?”

“ಇಲ್ಲ ಮೇಡಂ. ಆ ಮಾದರಿ ನಿಲ್ಲಿಸಿ. ತಕ್ಕಡಿ ಸರಿ ಇಲ್ಲ.”

“ಈಗ ತಾನೇ ಸರಿ ಇದೆ ಅಂದ್ರಲ್ಲ?”

“ನಾನು ಕೆಡಿಸಿದ್ದೀನಿ. ಕಲ್ಲು ಬಿಸಿ ಇತ್ತು. ನೋಡ್ಕೊಳ್ಳಲಿಲ್ಲ.”

ಲ್ಯಾಬ್ ಮೇಡಂ ಕೂಡಲೇ ತಿರುಗಿದರು. ಒಳಗೆ ಹೋಗಿ, ತೂಗಿದ್ದ ಮಾದರಿಯನ್ನು ಬದಿಗಿಡಿಸಿ, ತಕ್ಕಡಿಯ ಮೇಲೆ ‘ಬಳಸಬಾರದು’ ಎಂಬ ಕೆಂಪು ಚೀಟಿ ಅಂಟಿಸಿದರು. ಸುದ್ದಿ ಪ್ರೊಡಕ್ಷನ್ ಮ್ಯಾನೇಜರ್ ಕಿವಿಗೆ ಬಿತ್ತು. ಅವರು ಓಡಿಬಂದರು.

“ಏನಮ್ಮಾ ಇದು? ಎಷ್ಟು ವ್ಯತ್ಯಾಸ ಅಂತೆ?”

ಕಾರಕ್ಕ ಹೇಳಿದರು.

“ಇಷ್ಟೇನಾ? ಒಂದು ಹರಳು ಉಪ್ಪಿಗೂ ಇದಕ್ಕಿಂತ ತೂಕ ಜಾಸ್ತಿ ಇರುತ್ತೆ! ಇದಕ್ಕೋಸ್ಕರ ಲಾರಿ ನಿಲ್ಲಿಸ್ಬೇಕಾ?”

“ಸಿರಪ್ಪಿಗೆ ಏನೂ ಆಗಲ್ಲ ಸಾರ್. ನೀವು ಹೇಳೋದು ನಿಜ.”

“ಮತ್ತೆ?”

“ನಿಮ್ಮ ಬೇರೆ ತಕ್ಕಡಿಗಳನ್ನೆಲ್ಲ ಇದಕ್ಕೆ ಹೋಲಿಸಿ ನೋಡ್ತೀರಲ್ಲ. ಇದು ತಪ್ಪಿದ್ರೆ ಎಲ್ಲಾನೂ ಇದರ ಹಿಂದೆ ತಪ್ಪುತ್ತೆ.”

“ಕಲ್ಲು ಬಿಸಿ ಹೇಗಾಯ್ತು, ಒಲೆ ಮೇಲಿಟ್ಟಿದ್ರಾ?”

“ಬಸ್ಸಿನ ಬಾನೆಟ್ ಮೇಲೆ.”

“ಬಸ್ಸಲ್ಲಾ?” ಅವರು ಲ್ಯಾಬ್ ಮೇಡಂ ಕಡೆಗೆ ತಿರುಗಿದರು. “ಕಾರಿಲ್ಲದವರನ್ನ ಯಾಕೆ ಕರೆಸ್ತೀರಾ ಮೇಡಂ? ಕಂಪನಿಯವರೇ ಬರ್ತಿದ್ರಲ್ಲ.”

“ಕಂಪನಿಯವರು ಅಂದ್ರೂ ಇವರೇ ಬರ್ತಿದ್ದದ್ದು” ಎಂದರು ಲ್ಯಾಬ್ ಮೇಡಂ. ಅವರ ದನಿಯಲ್ಲಿ ಯಾರ ಪರವೂ ಇರಲಿಲ್ಲ. “ಎಷ್ಟು ಹೊತ್ತು ಬಿಟ್ರೆ ನಿಮಗೆ ಖಾತ್ರಿ?”

“ಇವತ್ತು ಖಾತ್ರಿ ಇಲ್ಲ. ರಾತ್ರಿ ಪೂರ್ತಿ ಕಲ್ಲು ಈ ಕೋಣೇಲೇ ಇರ್ಲಿ. ನಾಳೆ ಮೊದಲ ಬಸ್ಸಿಗೆ ಬರ್ತೀನಿ.”

“ಅಂದ್ರೆ ಲಾರಿ ನಾಳೆ!” ಪ್ರೊಡಕ್ಷನ್ ಮ್ಯಾನೇಜರ್ ಎರಡೂ ಕೈ ಮೇಲೆತ್ತಿ ಹೊರಟುಹೋದರು. ಅಂಗಳದಲ್ಲಿ ಅವರಿಗೂ ಲಾರಿ ಡ್ರೈವರನಿಗೂ ನಡೆದ ಮಾತು ಕೋಣೆಯವರೆಗೂ ಕೇಳಿಸಿತು. ಅದರಲ್ಲಿ ಕಾರಕ್ಕನನ್ನು ಕುರಿತ ಭಾಗ ಚಿಕ್ಕದೇನಲ್ಲ.

ಪೆಟ್ಟಿಗೆಯನ್ನು ತಕ್ಕಡಿಯ ಪಕ್ಕದಲ್ಲಿ ತೆರೆದಿಟ್ಟು, ಖಾಲಿ ರಟ್ಟಿನ ಚೀಲ ಹೆಗಲಿಗೆ ಹಾಕಿಕೊಂಡು ಅವರು ಹೊರಟರು. ಬದುಕು ನಡೆಸಬೇಕಾದ ಸಾಮಾನು ಇನ್ನೊಬ್ಬರ ಕೋಣೆಯಲ್ಲಿತ್ತು. ನಾಳೆ ಅದನ್ನು ಗೇಟಿನಲ್ಲೇ ಕೈಗೆ ಕೊಟ್ಟು ಕಳಿಸಿದರೂ ಕೇಳುವಂತಿರಲಿಲ್ಲ.

ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದರು. ಗಂಡ ಖಾಲಿ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ರಟ್ಟು ಅಷ್ಟು ದಪ್ಪ ಹಾಕಬಾರ್ದಿತ್ತು ಕಣೇ.”

“ನಿಮ್ಮ ರಟ್ಟು ತನ್ನ ಕೆಲಸ ಮಾಡ್ತು ರೀ. ಒಳಗಿರೋದನ್ನ ಒಳಗೇ ಇಟ್ಕೊಳ್ತು. ನೋಡ್ಕೋಬೇಕಾಗಿದ್ದು ನಾನು.”

“ಹೇಳದೇ ಬಂದಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತಾ?” ಎಂದು ಅತ್ತೆ ಕೇಳಿದರು.

“ಇಲ್ಲ ಅತ್ತೆ.”

“ಮತ್ತೇನು ಗಂಟಲು ಕಡೀತಿತ್ತಾ?”

“ಮುಂದಿನ ತಿಂಗಳು ಹೋಗಿ, ನನ್ನ ತಪ್ಪನ್ನ ತಕ್ಕಡಿ ತಪ್ಪು ಅಂತ ಹೇಳಿ ತಿದ್ದಬೇಕಾಗ್ತಿತ್ತು. ಅಲ್ಲಿಂದ ಶುರುವಾದ್ರೆ ಅದು ಮುಗಿಯಲ್ಲ.”

“ಅದೇನೋಪ್ಪ. ಅಷ್ಟು ತೂಕದ್ದನ್ನ ನಾನಾಗಿದ್ರೆ ಊದಿ ಹಾರಿಸ್ಬಿಡ್ತಿದ್ದೆ.” ಹಾಗೆಂದರೂ ಅತ್ತೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಸೊಸೆಯ ಊಟದ ಡಬ್ಬಿ ಕಟ್ಟಿಟ್ಟರು.

ಕಾರ್ಖಾನೆಯಲ್ಲಿ ಗೇಟಿನವನು ಏನೂ ಕೇಳದೆ ಬಿಟ್ಟ. ಅದು ಒಳ್ಳೆಯದೋ ಕೆಟ್ಟದ್ದೋ ಕಾರಕ್ಕನಿಗೆ ತಿಳಿಯಲಿಲ್ಲ. ಲ್ಯಾಬ್ ಮೇಡಂ ಕೋಣೆಯ ಬೀಗ ತೆಗೆದು ಪಕ್ಕದಲ್ಲೇ ನಿಂತರು. ಪ್ರೊಡಕ್ಷನ್ ಮ್ಯಾನೇಜರ್ ಗಾಜಿನ ಬಾಗಿಲಾಚೆ ನಿಂತರು. ಕಾರಕ್ಕ ಗವಸು ತೊಟ್ಟರು. ಚಿಮುಟ ಹಿಡಿದು ಮೊಣಕೈಯನ್ನು ಮೇಜಿಗೆ ಊರಿದರು. ದೊಡ್ಡ ಕಲ್ಲು ಇಟ್ಟು ಬಾಗಿಲೆಳೆದರು.

ಅಂಕಿ ಮೇಲೇರಿ ಒಂದು ಕಡೆ ನಿಂತಿತು. ಕಾದರು. ಅಲುಗಲಿಲ್ಲ. ನಿನ್ನೆ ಮೊದಲು ಎಷ್ಟು ಕಡಿಮೆ ತೋರಿಸಿತ್ತೋ ಇವತ್ತು ಅಷ್ಟೇ ಹೆಚ್ಚು. ಅಂದರೆ ವ್ಯತ್ಯಾಸವೆಲ್ಲ ನಿನ್ನೆಯ ಬಿಸಿಯದ್ದು, ಅವರು ಒತ್ತಿದ ಗುಂಡಿಯದ್ದು. ತಣ್ಣನೆಯ ಕಲ್ಲಿನಿಂದ ಮತ್ತೆ ತಿದ್ದಿದರು. ಇಟ್ಟು ನೋಡಿದರು, ತೆಗೆದು ಮತ್ತೆ ಇಟ್ಟು ನೋಡಿದರು. ತಕ್ಕಡಿ ಬಂಡೆಯಂತೆ ನಿಂತಿತು.

“ಅಂದ್ರೆ ನಿನ್ನೆ ನೀವು ಬರೋಕ್ಕೆ ಮುಂಚೆ ಇದು ಸರಿಯಾಗೇ ಇತ್ತು?” ಪ್ರೊಡಕ್ಷನ್ ಮ್ಯಾನೇಜರ್ ಬಾಗಿಲು ತಳ್ಳಿಕೊಂಡು ಬಂದರು.

“ಇತ್ತು ಸಾರ್.”

“ಸರಿಯಾಗಿದ್ದನ್ನ ಕೆಡಿಸಿ, ಕೆಡಿಸಿದ್ದನ್ನ ಸರಿ ಮಾಡಿದ್ರಿ.”

“ಹೌದು.”

“ಹೋಗ್ಲಿ, ಎರಡನೇದನ್ನಾದ್ರೂ ಮಾಡಿದ್ರಲ್ಲ” ಎಂದು ಅವರು ಮಾದರಿ ಹುಡುಗಿಯನ್ನು ಕೂಗುತ್ತ ಹೊರಟರು.

ಲ್ಯಾಬ್ ಮೇಡಂ ಕೆಂಪು ಚೀಟಿ ಕಿತ್ತರು. “ಆಗಿದ್ದನ್ನ ನಾನು ವರದಿಯಲ್ಲಿ ಬರೀಬೇಕು. ನಿಮ್ಮ ಹೆಸರೂ ಇರುತ್ತೆ.”

“ಬರೀರಿ.”

“ವರ್ಷದ ಕೆಲಸ ಈಗಲೇ ಕೊಡೋಕಾಗಲ್ಲ. ಮೂರು ತಿಂಗಳು ನೋಡ್ತೀನಿ. ಪ್ರತಿ ಸಲ ಕಲ್ಲು ಹಿಂದಿನ ದಿನವೇ ಈ ಕೋಣೆಗೆ ಬಂದಿರ್ಬೇಕು. ಅಂದ್ರೆ ಒಂದು ಕೆಲಸಕ್ಕೆ ಎರಡು ಸಲ ಬರಬೇಕು ನೀವು. ಆಗುತ್ತಾ?”

ಕಾರಿನಲ್ಲಿ ಅರ್ಧ ಬೆಳಿಗ್ಗೆಯಲ್ಲಿ ಮುಗಿಯುತ್ತಿದ್ದ ಕೆಲಸ. ಕಾರಕ್ಕ ಮನಸ್ಸಿನಲ್ಲೇ ಬಸ್ಸುಗಳನ್ನು ಜೋಡಿಸಿ ನೋಡಿದರು.

“ಆಗುತ್ತೆ. ಕಾರಿದ್ರೆ ಬೇಕಾಗ್ತಿರಲಿಲ್ಲ ಅಷ್ಟೆ.”

“ಕಾರಿದ್ರೂ ಇನ್ನು ಮೇಲೆ ಇದೇ ನಿಯಮ” ಎಂದರು ಲ್ಯಾಬ್ ಮೇಡಂ. “ಚಹಾ ಲೆಕ್ಕ ಎಲ್ಲಾ ನನಗೆ ಬೇಡ.”

ಕಾರಕ್ಕ ತಲೆಯಾಡಿಸಿದರು. ಪೆಟ್ಟಿಗೆ ಮುಚ್ಚಿ ರಟ್ಟಿನ ಚೀಲ ಕೈಗೆತ್ತಿಕೊಂಡವರು, ಏನೋ ಯೋಚಿಸಿ ನಿಂತರು.

“ಮೇಡಂ, ನಾನು ಇಲ್ಲಿಗೆ ಬರ್ತೀನಿ ಅಂತ ತಿಳಿದು ಪಕ್ಕದ ಬಣ್ಣದ ಕಾರ್ಖಾನೆಯವರೂ ಶನಿವಾರ ಬನ್ನಿ ಅಂದಿದ್ರು. ಅವರಿಗೂ ಇದನ್ನೆಲ್ಲ ಹೇಳ್ತೀನಿ. ಆದ್ರೂ ಕರೆದ್ರೆ, ಅಲ್ಲೀವರೆಗೂ ಇದು ಇಲ್ಲೇ ಇರಬಹುದಾ?”

ಲ್ಯಾಬ್ ಮೇಡಂ ಕೋಣೆಯನ್ನು ಒಮ್ಮೆ ಸುತ್ತ ನೋಡಿದರು. ಕಿಟಕಿಯಿಂದ ದೂರದ ಒಂದು ಕಪಾಟು ತೋರಿಸಿದರು.

“ಅಲ್ಲಿಡಿ. ಮೇಲಿನ ಅಂತಸ್ತು ಬೇಡ, ಎಸಿ ಗಾಳಿ ನೇರ ಬಡಿಯುತ್ತೆ.”

ಪೆಟ್ಟಿಗೆಯನ್ನು ನಡುವಿನ ಅಂತಸ್ತಿನಲ್ಲಿಟ್ಟು, ಖಾಲಿ ಚೀಲ ಹೆಗಲಿಗೇರಿಸಿ ಕಾರಕ್ಕ ಹೊರಬಂದರು. ಅಂಗಳದಲ್ಲಿ ಲಾರಿಗೆ ಡಬ್ಬಗಳು ಏರುತ್ತಿದ್ದವು. ಅವರು ನಿಲ್ದಾಣದತ್ತ ಬೇಗಬೇಗ ನಡೆದರು. ಬಂದ ಬಸ್ಸು ತುಂಬಿತ್ತು. ಒಳಗೆ ತೂರಿಕೊಂಡು, ಊರು ಬರುವವರೆಗೂ ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತರು.